ಹಲ್ಲು ಬರುವ ಮಗುವೂ ಭೇದಿಯಾಗುವ ಮಗುವೂ



ಈ ಸಂಚಿಕೆಯಲ್ಲಿ ತೆಂಗಿನ ಬುಡಕ್ಕೆ ಹಾಕುವ ಗೊಬ್ಬರದ ಕುರಿತು ಬರೆಯುವುದಾಗಿ ಹೇಳಿದ್ದೆವು. ಅದನ್ನು ಮುಂದಿನ ತಿಂಗಳಿಗೆ ಇಡುತ್ತೇವೆ. ಕಳೆದ ಆಟಿಯ ಮಳೆಯಲ್ಲಿ ನಮ್ಮದೇ ಧರ್ಮಕೇಂದ್ರದ ಒಂದು ಮನೆಯಲ್ಲಿ ನಡೆದ ಸಂಗತಿ ನಮ್ಮ ಮನಸ್ಸಿನಿಂದ ಇಳಿಯುತ್ತಿಲ್ಲ. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ, ಹೆಸರು ಹೇಳುವುದಿಲ್ಲ. ಗೊತ್ತಿರುವವರು ಅದನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಕಾಗಿ ವಿನಂತಿ.

ತೋಡಿನ ಆಚೆಯ ಆ ಮನೆಯಲ್ಲಿ ಹಾಸಿಗೆ ಹಿಡಿದಿರುವ ಅಜ್ಜನಿಗೆ ಪರಮಪ್ರಸಾದ ಕೊಡಲು ಒಂದು ಮಂಗಳವಾರ ಹೋಗಿದ್ದೆವು. ಚಾವಡಿಯಲ್ಲಿ ಏಳು ತಿಂಗಳ ಹೆಣ್ಣು ಮಗು ಅಜ್ಜಿಯ ಮಡಿಲಲ್ಲಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮುಷ್ಟಿ ಪೂರಾ ಬಾಯಿಯೊಳಗೆ. ಎರಡು ದಿವಸದಿಂದ ನೀರು ನೀರಾಗಿ ಭೇದಿ ಎಂದು ತಾಯಿ ಹೇಳಿದಳು. ಅಜ್ಜಿ ಮಾತ್ರ ನಿಶ್ಚಿಂತೆಯಿಂದ, "ಅದು ಹಲ್ಲು ಬರುವ ಭೇದಿ ಫಾದರ್, ಹಲ್ಲು ಹೊರಗೆ ಬಿದ್ದರೆ ತನ್ನಷ್ಟಕ್ಕೆ ನಿಲ್ತದೆ" ಅಂದರು. ನಾವು ಏನು ಹೇಳಿದೆವು? "ಹೌದಜ್ಜಿ, ನಮ್ಮ ಅಮ್ಮನೂ ಹಾಗೆಯೇ ಹೇಳುತ್ತಿದ್ದರು" ಎಂದು ಹೇಳಿ, ಚಹಾ ಕುಡಿದು ಎದ್ದು ಬಂದೆವು.

ಗುರುವಾರ ರಾತ್ರಿ ಒಂಬತ್ತು ಗಂಟೆಗೆ ಮಗುವಿನ ತಂದೆ ಟಾರ್ಚು ಹಿಡಿದು ಬಂದ. "ಮಗುವಿಗೆ ಒಂದು ಆಶೀರ್ವಾದ ಕೊಡ್ಬೇಕು ಫಾದರ್, ಹಾಲು ಕುಡೀತಾ ಇಲ್ಲ" ಎಂದ. ಹೋಗಿ ನೋಡಿದರೆ ಎರಡು ದಿವಸದ ಹಿಂದೆ ಮುಷ್ಟಿ ಚೀಪುತ್ತಿದ್ದ ಮಗುವಿನ ಕಣ್ಣು ಗುಳಿಬಿದ್ದಿತ್ತು. ನೆತ್ತಿಯ ಮೆತ್ತನೆಯ ಜಾಗ ತಗ್ಗಾಗಿತ್ತು. ಅಳುವ ಶಕ್ತಿಯೂ ಇರಲಿಲ್ಲ. ಬೆಳಗ್ಗಿನಿಂದ ಮೂತ್ರ ಮಾಡಿಲ್ಲ ಎಂದರು. ಆಶೀರ್ವಾದ ಕೊಟ್ಟೆವು, ಆದರೆ ಅಷ್ಟಕ್ಕೆ ನಿಲ್ಲಿಸದೆ ಪಕ್ಕದ ಮನೆಯ ಜೀಪು ಎಬ್ಬಿಸಿ ಆಸ್ಪತ್ರೆಗೆ ಹೊರಟೆವು. ನಾವಿರುವ ಈ ಗಡಿನಾಡಿನಲ್ಲಿ ದೊಡ್ಡ ಆಸ್ಪತ್ರೆ ಎಂದರೆ ಎಷ್ಟು ದೂರ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದ ದಿನಗಳನ್ನು ಕಾಸರಗೋಡಿನವರು ಯಾರೂ ಮರೆತಿಲ್ಲ. ಮಳೆಯಲ್ಲಿ, ಕೆಸರಿನ ದಾರಿಯಲ್ಲಿ, ತಾಯಿಯ ಮಡಿಲಲ್ಲಿ ಮಾತಿಲ್ಲದೆ ಮಲಗಿದ್ದ ಆ ಮಗುವಿನ ಮುಖ ನೋಡುತ್ತಾ ನಾವು ಮಂಗಳವಾರದ ನಮ್ಮ ಮಾತನ್ನೇ ನೆನೆಯುತ್ತಿದ್ದೆವು.

ಮಗು ಬದುಕಿತು. ರಕ್ತನಾಳಕ್ಕೆ ದ್ರಾವಣ ಕೊಟ್ಟರು, ನಾಲ್ಕನೆಯ ದಿವಸ ಮನೆಗೆ ಬಂತು. ರಾತ್ರಿ ಪಾಳಿಯ ವೈದ್ಯೆ ಬಹಳ ಚಿಕ್ಕ ಪ್ರಾಯದವರು. ಹಲ್ಲಿನ ವಿಷಯ ಎತ್ತಿದಾಗ ಮಗುವಿನ ವಸಡನ್ನು ಬೆರಳಿನಿಂದ ಮುಟ್ಟಿ ನೋಡಿ, "ಹಲ್ಲು ಇನ್ನೂ ಹತ್ತಿರ ಬಂದೇ ಇಲ್ಲ ಫಾದರ್. ಬಂದಿದ್ದರೂ ಅದರಿಂದ ಹೀಗೆ ಆಗುವುದಿಲ್ಲ" ಎಂದರು. ಅವರು ಹೇಳಿದ ಹಾಗೆಯೇ ಆಯಿತು. ಮೊದಲ ಹಲ್ಲು ಬಂದದ್ದು ಅದಾಗಿ ಆರು ವಾರದ ಮೇಲೆ, ಒಂದು ಭೇದಿಯೂ ಇಲ್ಲದೆ.

ಆ ಬಳಿಕ ನಾವು ಮಕ್ಕಳ ತಜ್ಞರನ್ನು ಕೇಳಿ, ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ. ಮಗು ಹೆರದ ಸ್ವಾಮಿಗಳಿಗೆ ಮಗುವಿನ ಹಲ್ಲಿನ ಉಸಾಬರಿ ಯಾಕೆ ಎಂದು ಕೆಲವರು ನಗಬಹುದು. ನಗಲಿ.

ಹಲ್ಲು ಬರುವ ಕ್ರಮ

ಹಾಲುಹಲ್ಲಿನ ಮೊಳಕೆ ಮಗು ತಾಯಿಯ ಗರ್ಭದಲ್ಲಿರುವಾಗಲೇ, ಆರೇಳು ವಾರದ ಹೊತ್ತಿಗೇ ರೂಪುಗೊಳ್ಳಲು ಆರಂಭಿಸುತ್ತದೆ. ಅಂದರೆ ಹುಟ್ಟಿದ ಮಗುವಿನ ವಸಡಿನೊಳಗೆ ಇಪ್ಪತ್ತು ಹಾಲುಹಲ್ಲುಗಳೂ ಬಿತ್ತಿದ ಬೀಜದಂತೆ ಕಾದು ಕುಳಿತಿರುತ್ತವೆ. ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳ ನಡುವೆ ಕೆಳಗಿನ ಎದುರಿನ ಎರಡು ಹಲ್ಲು ಮೊದಲು ತಲೆ ತೋರುತ್ತವೆ. ಮತ್ತೆ ಮೇಲಿನ ಎದುರಿನ ಎರಡು, ಬಳಿಕ ಅವುಗಳ ಪಕ್ಕದವು. ಒಂದು ವರ್ಷ ದಾಟಿದ ಮೇಲೆ ಮೊದಲ ದವಡೆ ಹಲ್ಲು, ಒಂದೂವರೆ ವರ್ಷದ ಆಚೀಚೆ ಕೋರೆ ಹಲ್ಲು, ಎರಡು ವರ್ಷದ ಹೊತ್ತಿನಿಂದ ಹಿಂದಿನ ದವಡೆ ಹಲ್ಲು. ಸುಮಾರು ಮೂರು ವರ್ಷವಾಗುವಾಗ ಇಪ್ಪತ್ತೂ ಬಂದಿರುತ್ತವೆ.

ಈ ಲೆಕ್ಕ ಗಡಿಯಾರದ ಲೆಕ್ಕವಲ್ಲ. ಒಂದೇ ದಿವಸ ನೆಟ್ಟ ಅಡಿಕೆ ಸಸಿಗಳೆಲ್ಲ ಒಂದೇ ದಿವಸ ಹಿಂಗಾರ ಬಿಡುತ್ತವೆಯೇ? ಕೆಲವು ಮಕ್ಕಳಿಗೆ ನಾಲ್ಕು ತಿಂಗಳಿಗೇ ಬರುತ್ತದೆ, ಕೆಲವಕ್ಕೆ ವರ್ಷ ಕಳೆದರೂ ಬೊಚ್ಚು ಬಾಯಿಯೇ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಲೆಕ್ಕವನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಹಿಡಿಯಬೇಕು. ನೆರೆಮನೆಯ ಮಗುವಿಗೆ ನಾಲ್ಕು ಹಲ್ಲು ಬಂತು, ನಮ್ಮದಕ್ಕೆ ಒಂದೂ ಇಲ್ಲ ಎಂದು ಕ್ಯಾಲ್ಸಿಯಂ ಟಾನಿಕ್ಕಿನ ಬಾಟಲಿ ಹಿಡಿದುಕೊಂಡು ಬರುವ ತಾಯಂದಿರಿದ್ದಾರೆ. ಆ ಬಾಟಲಿ ಹಲ್ಲನ್ನು ಎಳೆದು ತರುವುದಿಲ್ಲ. ಹದಿನೆಂಟು ತಿಂಗಳಾದರೂ ಒಂದು ಹಲ್ಲೂ ಕಾಣದಿದ್ದರೆ, ಅಥವಾ ಹಲ್ಲಿನ ಜೊತೆ ಮಗುವಿನ ಬೆಳವಣಿಗೆಯೂ ನಿಧಾನವಾಗಿದ್ದರೆ ವೈದ್ಯರಿಗೆ ತೋರಿಸಬೇಕು. ವಿಟಮಿನ್ ಡಿ ಕೊರತೆಯಿಂದ ಬರುವ ಮೂಳೆಯ ರೋಗ, ಥೈರಾಯ್ಡ್ ಗ್ರಂಥಿಯ ಕೊರತೆ ಇಂಥವುಗಳಲ್ಲಿ ಹಲ್ಲು ತಡವಾಗುವುದುಂಟು.

ಇಲ್ಲಿ ಇನ್ನೊಂದು ಮಾತು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಹೋಗಿಲ್ಲ. ಇಗರ್ಜಿಗೆ ತಪ್ಪದೆ ಬರುವ ಮನೆಗಳಲ್ಲಿಯೂ ಹೋಗಿಲ್ಲ. ಅಂಥ ಒಂದು ಮಗುವಿನ ಮಾವ ಒಂದು ವರ್ಷ ಅಕ್ಕನ ಮನೆಯ ಮೆಟ್ಟಿಲು ಹತ್ತದೆ ಉಳಿದದ್ದು ನಮಗೆ ಗೊತ್ತು. ಅಕ್ಕ ಎಷ್ಟು ಅತ್ತಿರಬೇಕು! ಹಲ್ಲಿನ ಸರದಿ ಸ್ವಲ್ಪ ಆಚೀಚೆ ಆಗುವುದು ಸಾಮಾನ್ಯ. ಎರಡು ಮೂರು ಸಾವಿರ ಮಕ್ಕಳಲ್ಲಿ ಒಂದು ಮಗು ಹಲ್ಲು ಇಟ್ಟುಕೊಂಡೇ ಹುಟ್ಟುತ್ತದೆ. ಅದರಲ್ಲಿಯೂ ಅಪಶಕುನವೇನಿಲ್ಲ, ಆ ಹಲ್ಲು ಅಲುಗಾಡುತ್ತಿದ್ದರೆ ಕಳಚಿ ಗಂಟಲಿಗೆ ಹೋಗುವ ಭಯವುಂಟು, ಅದಕ್ಕಾಗಿ ದಂತವೈದ್ಯರಿಗೆ ತೋರಿಸಿದರೆ ಸಾಕು. ಮಾವಂದಿರು ಧೈರ್ಯವಾಗಿ ಹೋಗಿ ಮಗುವನ್ನು ಎತ್ತಿಕೊಳ್ಳಲಿ.

ಹಲ್ಲಿನದ್ದು ಯಾವುದು, ಅಲ್ಲದ್ದು ಯಾವುದು

ಹಲ್ಲು ವಸಡನ್ನು ಸೀಳಿ ಹೊರಗೆ ಬರುವಾಗ ಮಗುವಿಗೆ ಏನೂ ಆಗುವುದಿಲ್ಲ ಎಂದು ನಾವು ಹೇಳುವುದಿಲ್ಲ. ವಸಡು ಕೆಂಪಾಗಿ ಉಬ್ಬುತ್ತದೆ. ಜೊಲ್ಲು ಹೆಚ್ಚುತ್ತದೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಹಠ ಮಾಡುತ್ತದೆ, ರಾತ್ರಿ ಎದ್ದು ಎದ್ದು ಅಳುತ್ತದೆ, ಗಟ್ಟಿ ಆಹಾರ ಬೇಡವೆನ್ನುತ್ತದೆ. ಮೈ ಸ್ವಲ್ಪ ಬೆಚ್ಚಗಾಗಬಹುದು. ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು 125 ಮಕ್ಕಳ ತಾಯ್ತಂದೆಯರಿಂದ ದಿನವೂ ಲೆಕ್ಕ ಬರೆಸಿ, 475 ಹಲ್ಲುಗಳು ಬಂದ ವೃತ್ತಾಂತವನ್ನು 2000ದಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಈ ಉಪದ್ರವಗಳು ಹಲ್ಲು ಹೊರಬೀಳುವ ನಾಲ್ಕು ದಿವಸ ಮೊದಲಿನಿಂದ ಮೂರು ದಿವಸ ಅನಂತರದವರೆಗೆ, ಒಟ್ಟು ಎಂಟು ದಿವಸಗಳಲ್ಲಿ ಮಾತ್ರ ಹೆಚ್ಚು. ಹಲವು ಮಕ್ಕಳಿಗೆ ಯಾವ ಉಪದ್ರವವೂ ಇಲ್ಲದೆ ಹಲ್ಲು ಬಂದಿತ್ತು. ಜೋರು ಜ್ವರಕ್ಕೂ ಹಲ್ಲಿಗೂ ಸಂಬಂಧ ಕಾಣಲಿಲ್ಲ. 2016ರಲ್ಲಿ ಬೇರೆ ಬೇರೆ ದೇಶಗಳ ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರೂ ಇದನ್ನೇ ಹೇಳಿದರು: ವಸಡಿನ ಕಿರಿಕಿರಿ, ಹಠ, ಜೊಲ್ಲು ಹೌದು, ಮೈ ಬಿಸಿ ತುಸು ಏರಬಹುದು, ಅದು ಜ್ವರವೆನ್ನುವಷ್ಟಲ್ಲ.

ಹಾಗಾದರೆ ನಮ್ಮ ಅಜ್ಜಿಯಂದಿರು ಸುಳ್ಳು ಹೇಳಿದರೇ? ಇಲ್ಲ. ಅವರು ಕಂಡದ್ದು ಸತ್ಯ. ಹಲ್ಲು ಬರುವ ಪ್ರಾಯದಲ್ಲಿ ಮಕ್ಕಳಿಗೆ ಭೇದಿ, ಜ್ವರ, ಕಿವಿನೋವು ಹೆಚ್ಚು. ಆದರೆ ಕಾರಣ ಬೇರೆ. ತಾಯಿಯ ರಕ್ತದಿಂದ ಮಗುವಿಗೆ ಸಿಕ್ಕಿದ ರೋಗ ತಡೆಯುವ ಶಕ್ತಿ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. ಆಗಲೇ ನಾವು ಮೇಲಿನ ಆಹಾರ ಆರಂಭಿಸುತ್ತೇವೆ. ಹೊಸ ಪಾತ್ರೆ, ಹೊಸ ನೀರು, ಹೊಸ ಕೈಗಳು. ಆಗಲೇ ಮಗು ಹೊಟ್ಟೆ ಎಳೆಯುತ್ತಾ ನೆಲದಲ್ಲಿ ಹರಿದಾಡಲು ಹೊರಡುತ್ತದೆ, ಕೋಳಿ ಓಡಾಡಿದ ಅಂಗಳದಲ್ಲಿ ಬಿದ್ದದ್ದನ್ನು ಹೆಕ್ಕಿ ಬಾಯಿಗೆ ಹಾಕುತ್ತದೆ. ಹಲ್ಲು ಅದೇ ಸಮಯಕ್ಕೆ ಬಂದದ್ದರಿಂದ ಅಪವಾದ ಹಲ್ಲಿನ ಮೇಲೆ. ಕಳ್ಳ ಬಂದ ರಾತ್ರಿ ಮನೆಗೆ ಬಂದಿದ್ದ ನೆಂಟನನ್ನು ಹಿಡಿದು ಕಟ್ಟಿದ ಹಾಗೆ.

ಈ ತಪ್ಪು ನಮ್ಮದು ಮಾತ್ರ ಎಂದು ನಾಚಬೇಕಾಗಿಲ್ಲ. 1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮರಣದ ಲೆಕ್ಕದಲ್ಲಿ 5,016 ಸಾವುಗಳಿಗೆ "ಹಲ್ಲು ಬಂದದ್ದು" ಕಾರಣವೆಂದು ಬರೆಯಲಾಗಿತ್ತು! ಫ್ರಾನ್ಸಿನ ಹೆಸರಾಂತ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಎಂಬವರು 16ನೇ ಶತಮಾನದಲ್ಲಿ, ಹಲ್ಲಿಗೆ ದಾರಿ ಮಾಡಿಕೊಡಲೆಂದು ಮಗುವಿನ ವಸಡನ್ನು ಕತ್ತಿಯಿಂದ ಕೊಯ್ಯುವ ಕ್ರಮವನ್ನು ಹೇಳಿದರು. ಮುಂದೆ ಮುನ್ನೂರು ವರ್ಷ ದೊಡ್ಡ ದೊಡ್ಡ ವೈದ್ಯರು ಕೊಯ್ಯುತ್ತಲೇ ಇದ್ದರು. ಹಲ್ಲಿನ ಹುಡಿ ಎಂದು ಪಾದರಸ ಬೆರೆಸಿದ ಹುಡಿಯನ್ನು ಮಾರುತ್ತಿದ್ದರು. ಅದನ್ನು ತಿಂದ ಮಕ್ಕಳ ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ, ಚರ್ಮ ಸುಲಿದು, ಎಷ್ಟೋ ಮಕ್ಕಳು ತೀರಿಹೋದವು. ಪಾದರಸವೇ ಕಾರಣ ಎಂದು 1940ರ ದಶಕದಲ್ಲಿ ಗೊತ್ತಾಗಿ, 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಆ ಹುಡಿ ಮಾರುಕಟ್ಟೆಯಿಂದ ಹೋದಾಗ ಆ ರೋಗವೂ ಹೋಯಿತು. ಅಮೆರಿಕದಲ್ಲಿ ಮಿಸೆಸ್ ವಿನ್ಸ್‌ಲೋ ಎಂಬ ಹೆಸರಿನ ಸಿರಪ್ ಇತ್ತು; ಅದರಲ್ಲಿ ಇದ್ದದ್ದು ಅಫೀಮಿನಿಂದ ತೆಗೆದ ಮಾರ್ಫಿನ್. ಮಗು ಸುಮ್ಮನಾಗುತ್ತಿತ್ತು. ಕೆಲವು ಮಕ್ಕಳು ಎಂದೆಂದಿಗೂ ಸುಮ್ಮನಾದವು.

ಕೃಷಿಕರಾದ ನಿಮಗೆ ಒಂದು ಪ್ರಶ್ನೆ. ಹಸುವಿನ ಕರುವಿಗೆ ಹಾಲುಹಲ್ಲು ಬರುವುದಿಲ್ಲವೇ? ಹುಟ್ಟುವಾಗಲೇ ಕೆಲವು ಇರುತ್ತವೆ, ಒಂದು ತಿಂಗಳೊಳಗೆ ಕೆಳಗಿನ ಎದುರಿನ ಎಂಟೂ ಬಂದಿರುತ್ತವೆ. ಆ ತಿಂಗಳಲ್ಲಿ ಕರುವಿಗೆ ಬಿಳಿ ಭೇದಿ ಆದರೆ, "ಹಲ್ಲು ಬರ್ತಾ ಉಂಟು, ಇರಲಿ" ಎಂದು ಬಿಡುವ ಒಬ್ಬ ರೈತನನ್ನಾದರೂ ನಾವು ಕಂಡಿಲ್ಲ. ಒಂದು ಹೊತ್ತು ಕಾಯುವುದಿಲ್ಲ. ನೀರು ಕುಡಿಸುತ್ತೀರಿ, ಪಶುವೈದ್ಯರಿಗೆ ಫೋನು ಮಾಡುತ್ತೀರಿ. ಕೊಟ್ಟಿಗೆಯಲ್ಲಿರುವ ಈ ಬುದ್ಧಿ ತೊಟ್ಟಿಲ ಹತ್ತಿರ ಬರುವಾಗ ಎಲ್ಲಿ ಹೋಗುತ್ತದೆ? ನಮ್ಮನ್ನೂ ಸೇರಿಸಿಯೇ ಕೇಳುತ್ತಿದ್ದೇವೆ.

ಭೇದಿಯಾದರೆ ಮಾಡಬೇಕಾದದ್ದು

ಹಲ್ಲು ಬರಲಿ ಬಿಡಲಿ, ಭೇದಿಯನ್ನು ಭೇದಿಯೆಂದೇ ನೋಡಬೇಕು. ಕೊಲ್ಲುವುದು ಭೇದಿಯಲ್ಲ, ಮೈಯಿಂದ ಹೋದ ನೀರು ಮತ್ತು ಉಪ್ಪು. ಹೋದದ್ದನ್ನು ಹೋದ ಹಾಗೆಯೇ ಬಾಯಿಯ ಮೂಲಕ ತುಂಬಿಸಿಕೊಡಬಹುದೆಂದು 1971ರಲ್ಲಿ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಾಲನೊಬಿಸ್ ತೋರಿಸಿಕೊಟ್ಟರು. ಅದೇ ಇಂದಿನ ಓಆರ್‌ಎಸ್ ಪೊಟ್ಟಣ. ಆಶಾ ಕಾರ್ಯಕರ್ತೆಯರಲ್ಲಿ, ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಸಿಗುತ್ತದೆ. ದೊಡ್ಡ ಪೊಟ್ಟಣವಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂದು ಕಣ್ಣಂದಾಜಿನಲ್ಲಿ ಹಾಕಿದರೆ ಉಪ್ಪು ಹೆಚ್ಚಾಗಿ ಅಪಾಯವೇ ಆದೀತು. ಕಲಸಿದ್ದನ್ನು ಇಪ್ಪತ್ತನಾಲ್ಕು ಗಂಟೆಯ ಮೇಲೆ ಇಡಬೇಡಿ, ಚೆಲ್ಲಿ ಹೊಸತು ಮಾಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ಬಳಿಕ 50ರಿಂದ 100 ಮಿಲಿ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಿ. ಪೊಟ್ಟಣ ಇಲ್ಲದ ರಾತ್ರಿ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯ ಬಣ್ಣದ ಪೆಟ್ಟಿಗೆಗಳಲ್ಲಿ ಬರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಬಾರದೆಂದು 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶಿಸಿತು.

ಇದರ ಜೊತೆ ಸತುವಿನ ಮಾತ್ರೆ, ಅಂದರೆ ಝಿಂಕ್, ಹದಿನಾಲ್ಕು ದಿವಸ ಕೊಡುತ್ತಾರೆ. ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕ ಮಗುವಿಗೆ 10. ಭೇದಿ ನಿಂತಿತೆಂದು ನಾಲ್ಕನೇ ದಿವಸಕ್ಕೆ ನಿಲ್ಲಿಸಬೇಡಿ.

ಎದೆಹಾಲು ನಿಲ್ಲಿಸುವುದಂತೂ ದೊಡ್ಡ ತಪ್ಪು. ಮೇಲೆ ಹೇಳಿದ ಮನೆಯಲ್ಲಿ ಆದದ್ದೂ ಅದೇ. ತಾಯಿಯ ಹಾಲು ಉಷ್ಣ, ಅದರಿಂದಲೇ ಭೇದಿ ಎಂದು ಯಾರೋ ಹೇಳಿದರಂತೆ, ಎರಡು ದಿವಸ ಬಾರ್ಲಿ ನೀರು ಮಾತ್ರ ಕೊಟ್ಟಿದ್ದರು. ಭೇದಿಯಾಗುವ ಮಗುವಿಗೆ ಎದೆಹಾಲು ಇನ್ನೂ ಹೆಚ್ಚು ಸಲ ಕೊಡಬೇಕು.

ಕಣ್ಣು ಗುಳಿಬೀಳುವುದು, ನೆತ್ತಿ ತಗ್ಗುವುದು, ಬಾಯಿ ಒಣಗುವುದು, ಅತ್ತರೂ ಕಣ್ಣೀರು ಬಾರದಿರುವುದು, ಆರು ಗಂಟೆ ಮೂತ್ರ ಇಲ್ಲದಿರುವುದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುವುದು, ಭೇದಿಯಲ್ಲಿ ರಕ್ತ, ಮಗು ತೂಕಡಿಸಿ ಎಚ್ಚರವಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯಬೇಡಿ. 108ಕ್ಕೆ ಫೋನು ಮಾಡಿ, ಇಲ್ಲವೇ ಇಗರ್ಜಿಯ ಬಂಗ್ಲೆಯ ಬಾಗಿಲು ತಟ್ಟಿ. ದಾರಿಯುದ್ದಕ್ಕೂ ಚಮಚದಲ್ಲಿ ಓಆರ್‌ಎಸ್ ಕೊಡುತ್ತಾ ಹೋಗಿ.

ಜ್ವರವೂ ಹಾಗೆಯೇ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ದಾಟಿದರೆ ಅದು ಹಲ್ಲಿನದ್ದಲ್ಲ, ಬೇರೆ ಕಾರಣ ಹುಡುಕಬೇಕು. ಮೂರು ತಿಂಗಳೊಳಗಿನ ಮಗುವಿಗೆ ಅಷ್ಟು ಬಂದರೆ ಅದೇ ದಿವಸ ವೈದ್ಯರ ಹತ್ತಿರ ಹೋಗಬೇಕು. ಕಿವಿ ಎಳೆಯುತ್ತಾ ಚೀರುವ ಮಗುವಿಗೆ ಕಿವಿಯೊಳಗೆ ಕೀವು ಇರಬಹುದು. ಬಾಯಿಯೊಳಗೆ ಸಣ್ಣ ಸಣ್ಣ ಹುಣ್ಣೆದ್ದು, ವಸಡಿನಲ್ಲಿ ರಕ್ತ ಬಂದು, ಜ್ವರದೊಂದಿಗೆ ಏನನ್ನೂ ನುಂಗಲಾಗದಿದ್ದರೆ ಅದು ಒಂದು ವೈರಸ್ಸಿನ ಕಾಯಿಲೆ. ಇವೆಲ್ಲ "ಹಲ್ಲು" ಎಂಬ ಒಂದೇ ಪದದೊಳಗೆ ಅಡಗಿ ಕುಳಿತುಕೊಳ್ಳುತ್ತವೆ.

ನೋವು ತಗ್ಗಿಸಲು

ಇನ್ನು ನಿಜವಾಗಿ ಹಲ್ಲೇ ಬರುತ್ತಿದ್ದರೆ, ಮದ್ದಿಗಿಂತ ಕೈ ದೊಡ್ಡದು. ಸಾಬೂನಿನಿಂದ ತೊಳೆದು, ಉಗುರು ತೆಗೆದ ಬೆರಳಿನಿಂದ ವಸಡನ್ನು ಮೆಲ್ಲಗೆ ಒತ್ತಿ ಉಜ್ಜಿ. ಒಂದೆರಡು ನಿಮಿಷದಲ್ಲಿಯೇ ಮಗು ಕಣ್ಣರಳಿಸಿ ನೋಡುತ್ತದೆ. ತೊಳೆದ ಹತ್ತಿ ಬಟ್ಟೆಯ ತುಂಡನ್ನು ಕುದಿಸಿ ಆರಿಸಿದ ನೀರಿನಲ್ಲಿ ಒದ್ದೆ ಮಾಡಿ ತಣ್ಣಗಿಟ್ಟು ಕಚ್ಚಲು ಕೊಡಬಹುದು. ಫ್ರಿಜ್ ಇಲ್ಲದವರು ಮುಚ್ಚಿದ ಡಬ್ಬದಲ್ಲಿ ಹಾಕಿ ಮಣ್ಣಿನ ಹೂಜಿಯ ಪಕ್ಕದಲ್ಲಿ ಇಟ್ಟರೂ ನಡೆಯುತ್ತದೆ. ಮಂಜುಗಡ್ಡೆಯಾಗಿಸಬೇಡಿ, ವಸಡಿಗೆ ಗಾಯವಾಗುತ್ತದೆ. ರಬ್ಬರಿನ ಕಚ್ಚುವ ಉಂಗುರ ಕೊಡುವುದಾದರೆ ಒಂದೇ ತುಂಡಿನದ್ದು, ಒಳಗೆ ದ್ರವ ತುಂಬದ್ದು. ಗಟ್ಟಿ ಕ್ಯಾರೆಟ್, ಸೇಬಿನ ತುಂಡು ಬೇಡ. ಬಂದ ಎರಡು ಹಲ್ಲಿಗೆ ಕತ್ತರಿಸುವ ಬಲವುಂಟು, ಜಗಿಯುವ ಬಲವಿಲ್ಲ. ತುಂಡು ನೇರವಾಗಿ ಉಸಿರಿನ ಕೊಳವೆಗೆ ಹೋಗಬಹುದು. ರಾಗಿ ಮಣ್ಣಿ, ನೇಂದ್ರ ಬಾಳೆಕಾಯಿ ಹುಡಿಯ ಮಣ್ಣಿ ಇವನ್ನು ಆರಿಸಿ ಕೊಟ್ಟರೆ ವಸಡು ನೋಯುವ ದಿವಸಗಳಲ್ಲಿಯೂ ಮಕ್ಕಳು ತಿನ್ನುತ್ತವೆ. ಜೊಲ್ಲಿನಿಂದ ಗಲ್ಲ, ಕುತ್ತಿಗೆ ಕೆಂಪಾದರೆ ಒರಸಿ ಉಜ್ಜದೆ ಮೆತ್ತಗೆ ಒತ್ತಿ, ತುಸು ತೆಂಗಿನೆಣ್ಣೆ ಸವರಿ.

ಹಾಲು ಕುಡಿಯುವಾಗ ಮಗು ಕಚ್ಚಿದರೆ ತಾಯಂದಿರು ಗಾಬರಿಯಿಂದ ಎಳೆದುಕೊಳ್ಳುತ್ತಾರೆ, ಆಗ ಗಾಯವಾಗುತ್ತದೆ. ಬಾಯಿಯ ಮೂಲೆಯಿಂದ ಕಿರುಬೆರಳು ತೂರಿಸಿದರೆ ಹಿಡಿತ ಬಿಡುತ್ತದೆ ಎಂದು ದಾದಿಯೊಬ್ಬರು ಹೇಳಿಕೊಟ್ಟರು. ಹಲ್ಲು ಬಂತು, ಇನ್ನು ಹಾಲು ಬಿಡಿಸಬೇಕು ಎಂಬುದಕ್ಕೆ ಆಧಾರವಿಲ್ಲ. ಎರಡು ವರ್ಷದವರೆಗೂ ಅದರಾಚೆಗೂ ಕೊಡಬಹುದು.

ರಾತ್ರಿ ತೀರಾ ನೋವಿದ್ದರೆ ಪ್ಯಾರಾಸಿಟಮಾಲ್ ಕೊಡಬಹುದು, ಆದರೆ ಮಗುವಿನ ತೂಕ ನೋಡಿ, ವೈದ್ಯರನ್ನು ಕೇಳಿ. ಇಲ್ಲಿ ಒಂದು ಗುಂಡಿ ಉಂಟು, ಹಲವರು ಅದರಲ್ಲಿ ಬೀಳುತ್ತಾರೆ. ಹನಿಯಾಗಿ ಕೊಡುವ ಪುಟ್ಟ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಯಲ್ಲಿ 100 ಮಿಲಿಗ್ರಾಂ ಮದ್ದಿರುತ್ತದೆ. ದೊಡ್ಡ ಬಾಟಲಿಯ ಸಿರಪ್ಪಿನಲ್ಲಿ ಐದು ಮಿಲಿಗೆ 125 ಅಥವಾ 250. ಎಂಟು ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ 80ರಿಂದ 120 ಮಿಲಿಗ್ರಾಂ ಸಾಕು. ಸಿರಪ್ಪಿನ ಅಳತೆಯಲ್ಲಿ ಹನಿಯ ಮದ್ದನ್ನು ಒಂದು ಚಮಚ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು, ಪಿತ್ತಜನಕಾಂಗಕ್ಕೆ ವಿಷ. ನಮ್ಮಲ್ಲಿ ಕನ್ನಡ ಮಾತ್ರ ಓದಬಲ್ಲ ಅಜ್ಜಿಯಂದಿರ ಕೈಯಲ್ಲಿ ಬಾಟಲಿ ಇರುತ್ತದೆ, ಬರಹ ಇಂಗ್ಲಿಷಿನಲ್ಲಿ, ಅಂಗಡಿಯವರು ಹೇಳಿದ್ದು ಮಲಯಾಳದಲ್ಲಿ. ಅಳತೆಯನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆಸಿ ಬಾಟಲಿಗೇ ಅಂಟಿಸಿಡಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

ವಸಡು ಮರಗಟ್ಟಿಸುವ ಮುಲಾಮು ಪೇಟೆಯಲ್ಲಿ ಸಿಗುತ್ತದೆ. ಕೊಳ್ಳಬೇಡಿ. ಅದರಲ್ಲಿರುವ ಬೆಂಜೋಕೇಯ್ನ್ ಎಂಬ ವಸ್ತು ರಕ್ತವು ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸಬಲ್ಲದು, ಮಗು ನೀಲಿಗಟ್ಟಬಹುದು. ಎರಡು ವರ್ಷದೊಳಗಿನವರಿಗೆ ಅದನ್ನು ಮಾರಬಾರದೆಂದು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಕಂಪನಿಗಳಿಗೆ ಹೇಳಿತು. ಲಿಡೋಕೇಯ್ನ್ ಎಂಬ ಇನ್ನೊಂದರ ಮೇಲೆ 2014ರಲ್ಲಿಯೇ ಎಚ್ಚರಿಕೆ ಕೊಟ್ಟಿತ್ತು. ಕುತ್ತಿಗೆಗೆ ಹಾಕುವ ಹಲ್ಲಿನ ಮಣಿಸರದಿಂದ ನಿದ್ದೆಯಲ್ಲಿ ಮಗುವೊಂದು ಉಸಿರುಗಟ್ಟಿ ಸತ್ತದ್ದನ್ನೂ ಅದೇ ಇಲಾಖೆ 2018ರಲ್ಲಿ ತಿಳಿಸಿದೆ. ತೊಟ್ಟಿಲಲ್ಲಿ ಮಲಗಿಸುವಾಗ ದಾರ, ಸರ, ಜಪಮಾಲೆ ಏನೂ ಕುತ್ತಿಗೆಯಲ್ಲಿರಬಾರದು. ಜಪಮಾಲೆಯನ್ನು ಗೋಡೆಗೆ ತೂಗಿಸಿ.

ಬ್ರಾಂದಿಯ ಮಾತು ಎತ್ತದಿದ್ದರೆ ನಾವು ಕಪಟಿಗಳಾದೇವು. ಹಬ್ಬದ ಬಾಟಲಿಯಲ್ಲಿ ಬೆರಳು ಅದ್ದಿ ಮಗುವಿನ ವಸಡಿಗೆ ಹಚ್ಚುವ ಪದ್ಧತಿ ಹೆಚ್ಚಾಗಿ ನಮ್ಮ ಕ್ರೈಸ್ತ ಮನೆಗಳಲ್ಲಿಯೇ ಇದೆ. ಮಗುವಿನ ಮೈಯಲ್ಲಿ ಸ್ವಲ್ಪ ಮದ್ಯವೂ ಸಕ್ಕರೆಯ ಅಂಶವನ್ನು ಇಳಿಸಿ ಅಪಾಯ ತರಬಲ್ಲದು. ಬಜೆ, ಚಿನ್ನ ತೇದು ಜೇನಿನಲ್ಲಿ ನೆಕ್ಕಿಸುವುದೂ ಒಂದು ವರ್ಷ ತುಂಬುವವರೆಗೆ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣುವಿನ ಬೀಜ ಶಿಶುವಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತದೆ. ನಮ್ಮಲ್ಲಿ ಜೇನು ಸಾಕುವವರಿದ್ದಾರೆ, ಅವರು ಕೋಪಿಸಬಾರದು. ದೊಡ್ಡವರಿಗೆ ಅವರ ಜೇನು ಅಮೃತವೇ.

ತೋಟದ ಮನೆಯಲ್ಲಿ

ಕಚ್ಚುವ ಪ್ರಾಯದ ಮಗುವಿಗೆ ಪೇಟೆಯ ಮನೆಗಿಂತ ತೋಟದ ಮನೆಯಲ್ಲಿ ಅಪಾಯ ಹೆಚ್ಚು ಎಂದು ನಮಗೆ ತೋರುತ್ತದೆ. ಅಡಿಕೆಗೆ ಮದ್ದು ಬಿಟ್ಟು ಬಂದ ಅಪ್ಪನ ಕೈ ನೀಲಿಯಾಗಿರುತ್ತದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಗು ಓಡಿ ಬಂದು ಅದೇ ಬೆರಳನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಸ್ನಾನ ಮಾಡಿ, ಬಟ್ಟೆ ಬದಲಿಸಿ ಆಮೇಲೆ ಎತ್ತಿಕೊಳ್ಳಿ. ಮದ್ದಿನ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ಒಗೆಯಬೇಡಿ. ಗೇರುಬೀಜದ ಕಾಲದಲ್ಲಿ ಹಸಿ ಬೀಜ ಅಂಗಳದಲ್ಲಿ ಹರಡಿರುತ್ತದೆ. ಅದರ ಸಿಪ್ಪೆಯ ಎಣ್ಣೆ ದೊಡ್ಡವರ ಕೈಯನ್ನೇ ಸುಡುತ್ತದೆ, ಮಗುವಿನ ತುಟಿ ನಾಲಗೆ ಏನಾದೀತು! ಒಣಗಲು ಹಾಕಿದ ಅಡಿಕೆ ಗಂಟಲಲ್ಲಿ ಸಿಕ್ಕಿಕೊಳ್ಳಲು ಸರಿಯಾದ ಗಾತ್ರದ್ದು. ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡನ್ನು ನೀರಿನ ಬಾಟಲಿಯಲ್ಲಿ ತುಂಬಿಸಿ ಶೆಡ್ಡಿನ ನೆಲದಲ್ಲಿಟ್ಟದ್ದನ್ನು ಮನೆ ಆಶೀರ್ವಾದಕ್ಕೆ ಹೋದಾಗ ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇವೆ. ಅದನ್ನು ಈ ವಾರವೇ ಎತ್ತರಕ್ಕೆ, ಬೀಗದೊಳಕ್ಕೆ ಇಡಿ. ಎಲೆಯಡಿಕೆ ಜಗಿಯುವ ಹಿರಿಯರು ಅದೇ ಬೆರಳಿನಿಂದ ವಸಡು ಉಜ್ಜುವುದು, ಜಗಿದ ತುತ್ತನ್ನು ಮಗುವಿಗೆ ಕೊಡುವುದು ಬೇಡ.

ಹಲ್ಲು ಬಂದ ದಿವಸದಿಂದ ಅದನ್ನು ತೊಳೆಯಬೇಕು. ಬಿದ್ದುಹೋಗುವ ಹಲ್ಲಲ್ಲವೇ ಎಂದು ಬಿಡಬಾರದು. ಆರು ವರ್ಷದವರೆಗೆ, ಹಿಂದಿನವು ಹತ್ತು ಹನ್ನೆರಡು ವರ್ಷದವರೆಗೆ ಅದರಲ್ಲಿಯೇ ಊಟ. ಮೃದುವಾದ ಪುಟ್ಟ ಬ್ರಷ್ಷು, ಅಕ್ಕಿ ಕಾಳಿನಷ್ಟೇ ಫ್ಲೋರೈಡ್ ಇರುವ ಪೇಸ್ಟು. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಿದರೆ ಎದುರಿನ ಹಲ್ಲು ಕಪ್ಪಾಗಿ ಕೊಳೆಯುತ್ತದೆ. ಹುಳುಕು ಹಲ್ಲಿನ ಮಕ್ಕಳನ್ನು ಮೊದಲ ಪರಮಪ್ರಸಾದದ ತರಗತಿಯಲ್ಲಿ ನಾವು ವರ್ಷವೂ ಕಾಣುತ್ತೇವೆ.

ರೋಟಾ ವೈರಸ್ ಎಂಬ ರೋಗಾಣು ಶಿಶುಗಳ ಜೋರು ಭೇದಿಗೆ ಒಂದು ಮುಖ್ಯ ಕಾರಣ. ಅದರ ವಿರುದ್ಧದ ಬಾಯಿ ಲಸಿಕೆಯನ್ನು ಸರಕಾರ ಉಚಿತವಾಗಿ 6, 10 ಮತ್ತು 14ನೇ ವಾರಗಳಲ್ಲಿ ಕೊಡುತ್ತದೆ. ಆ ಮಗುವಿಗೆ ಎರಡು ಸಲದ್ದು ತಪ್ಪಿಹೋಗಿತ್ತು. ಅಡಿಕೆ ಕೊಯ್ಲಿನ ಸಮಯ, ಪುರುಸೊತ್ತು ಆಗಲಿಲ್ಲ ಎಂದರು. ನಿಮ್ಮ ಮನೆಯ ಮಗುವಿನ ಕಾರ್ಡನ್ನು ಇವತ್ತೇ ತೆಗೆದು ನೋಡಿ.

ಮುಂದಿನ ಆದಿತ್ಯವಾರ ಎರಡನೆಯ ಪೂಜೆಯ ಬಳಿಕ ಸಭಾಂಗಣದಲ್ಲಿ ಕಾನ್ವೆಂಟಿನ ದಾದಿ ಸಿಸ್ಟರ್ ಓಆರ್‌ಎಸ್ ಕಲಸುವುದನ್ನು ಮಾಡಿ ತೋರಿಸುತ್ತಾರೆ. ತಾಯಂದಿರು ಮಾತ್ರವಲ್ಲ, ಅಜ್ಜಿಯಂದಿರು ಮುಖ್ಯವಾಗಿ ಬರಬೇಕು. ತೋಡಿನ ಆಚೆಯ ಅಜ್ಜಿ ತಾವಾಗಿಯೇ ಬರುತ್ತೇನೆಂದು ಹೇಳಿದ್ದಾರೆ. ನಾಲ್ಕು ಹಲ್ಲಿನ ಮೊಮ್ಮಗಳನ್ನೂ ಕರೆತರುತ್ತಾರಂತೆ. ಒಂದು ಲೀಟರಿನ ಅಳತೆಯ ಪಾತ್ರೆ ಮನೆಯಲ್ಲಿದ್ದರೆ ತನ್ನಿ.